ಕಪ್ಪು ಬಾಟಲಿಯ ಕತೆಯೊಳಗೆ ಕಳೆದುಹೋದ ಚಾಂಪಿಯನ್: ಜಿಮ್ಮಿ ಮೈಕೆಲ್ ಯಾರು?

ಉದ್ದೀಪನ ಮದ್ದಿನ ಇತಿಹಾಸ ಹೇಳುವ ಪುಸ್ತಕ, ಲೇಖನಗಳಲ್ಲಿ ಒಂದು ವಾಕ್ಯ ದಶಕಗಳಿಂದ ಓಡಾಡುತ್ತಿದೆ. 1886ರಲ್ಲಿ ಬೋರ್ಡೊದಿಂದ ಪ್ಯಾರಿಸ್‌ವರೆಗಿನ ಸೈಕಲ್ ರೇಸ್‌ನಲ್ಲಿ ಲಿಂಟನ್ ಎಂಬ ಬ್ರಿಟಿಷ್ ಸವಾರ 'ಟ್ರೈಮೀಥೈಲ್' ಎಂಬ ಮದ್ದು ಜಾಸ್ತಿ ತೆಗೆದುಕೊಂಡು ಸತ್ತ, ಇದೇ ಕ್ರೀಡೆಯಲ್ಲಿ ದಾಖಲಾದ ಮೊದಲ ಉದ್ದೀಪನ ಸಾವು ಎನ್ನುವುದು ಆ ವಾಕ್ಯದ ಸಾರ.

ಈ ಒಂದು ವಾಕ್ಯದಲ್ಲಿ ಎಷ್ಟು ತಪ್ಪಿದೆ ನೋಡಿ. ಬೋರ್ಡೊ-ಪ್ಯಾರಿಸ್ ರೇಸ್ ಶುರುವಾಗಿದ್ದೇ 1891ರಲ್ಲಿ. ಅಂದರೆ 1886ರಲ್ಲಿ ಆ ರೇಸ್ ಇರಲೇ ಇಲ್ಲ. ಆರ್ಥರ್ ಲಿಂಟನ್ ಎಂಬ ಸವಾರ ಇದ್ದದ್ದು ನಿಜ, ಆದರೆ ಅವನು ಆ ರೇಸ್ ಓಡಿದ್ದು 1896ರಲ್ಲಿ. ರೇಸ್‌ನಲ್ಲಿ ಸಾಯಲಿಲ್ಲ, ಗೆದ್ದ. ಸತ್ತದ್ದು ಸುಮಾರು ಎರಡು ತಿಂಗಳ ನಂತರ, ಟೈಫಾಯ್ಡ್ ಜ್ವರದಿಂದ. ಇನ್ನು 'ಟ್ರೈಮೀಥೈಲ್' ಅನ್ನುವುದು ಯಾವುದೋ ಒಂದು ಮದ್ದಿನ ಹೆಸರೇ ಅಲ್ಲ. ಒಂದು ಅಣುವಿನಲ್ಲಿ ಮೂರು ಮೀಥೈಲ್ ಗುಂಪುಗಳಿವೆ ಅಂತ ಹೇಳಲು ರಸಾಯನಶಾಸ್ತ್ರಜ್ಞರು ಬಳಸುವ ಪದ ಅದು.

ಇಷ್ಟು ಹೇಳಿ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಈ ಕತೆಯ ನಡುವೆ ಇನ್ನೊಬ್ಬ ಹುಡುಗ ನಿಂತಿದ್ದಾನೆ. ಲಿಂಟನ್‌ನ ಊರಿನವನೇ. ಅದೇ ಕೋಚ್‌ನ ಕೈಯಲ್ಲಿ ಪಳಗಿದವನು. ವೃತ್ತಿಪರ ಸೈಕಲ್ ಓಟದ ಮೊದಲ ವಿಶ್ವ ಚಾಂಪಿಯನ್‌ಗಳಲ್ಲಿ ಒಬ್ಬ. ಹೆಸರು ಜಿಮ್ಮಿ ಮೈಕೆಲ್. ಇವತ್ತು ಅವನ ಹೆಸರು ಬಂದರೆ ಸಾಮಾನ್ಯವಾಗಿ ಬರುವುದು ಒಂದು 'ಕಪ್ಪು ಬಾಟಲಿ'ಯ ಜೊತೆಗೇ. ಕೋಚ್ ಕೊಟ್ಟ ಬಾಟಲಿಯಿಂದ ಏನೋ ಕುಡಿದ, ತಲೆ ತಿರುಗಿ ಬಿದ್ದ ಅನ್ನುವಲ್ಲಿಗೆ ಅವನ ಬದುಕು ಮುಗಿದುಬಿಡುತ್ತದೆ. ಆ ಬಾಟಲಿಯಲ್ಲಿ ಏನಿತ್ತು ಅನ್ನುವುದು ಯಾವತ್ತೂ ಸಾಬೀತಾಗಲಿಲ್ಲ. ಆದರೆ ಬಾಟಲಿಯ ಹೊರಗೆ ಏನಿತ್ತು ಅನ್ನುವುದಕ್ಕೆ ಬೇಕಾದಷ್ಟು ಸಾಕ್ಷಿ ಇದೆ. ಅದನ್ನು ನೋಡಿದರೆ, ಈ ಹುಡುಗರನ್ನು ಹಿಂಡಿದ್ದು ಯಾರು ಅನ್ನುವ ಪ್ರಶ್ನೆಗೆ ಬೇರೆಯದೇ ಉತ್ತರ ಸಿಗುತ್ತದೆ.

ಕಲ್ಲಿದ್ದಲಿನ ಊರಿನ ಸೈಕಲ್ ಹುಡುಗರು

ದಕ್ಷಿಣ ವೇಲ್ಸ್‌ನ ಅಬರ್‌ಡೇರ್ ಪಟ್ಟಣಕ್ಕೆ ಅಂಟಿಕೊಂಡಂತೆ ಅಬರಾಮನ್ ಎಂಬ ಊರಿದೆ. ಹತ್ತೊಂಬತ್ತನೇ ಶತಮಾನದಲ್ಲಿ ಆ ಕಣಿವೆಯ ಬದುಕೆಲ್ಲ ಕಲ್ಲಿದ್ದಲು ಗಣಿಯ ಸುತ್ತಲೇ ಸುತ್ತುತ್ತಿತ್ತು. ಬ್ರಿಟನ್ನಿನ ಹಡಗುಗಳಿಗೆ, ರೈಲುಗಳಿಗೆ ಬೇಕಾದ ಉತ್ತಮ ಕಲ್ಲಿದ್ದಲು ಇಲ್ಲಿಂದ ಹೋಗುತ್ತಿತ್ತು. ಗಂಡು ಮಕ್ಕಳು ಚಿಕ್ಕ ವಯಸ್ಸಿನಲ್ಲೇ ಗಣಿಗೆ ಇಳಿಯುವುದು ಅಲ್ಲಿ ಮಾಮೂಲು.

ಅಲ್ಲಿನ ಲಿಂಟನ್ ಕುಟುಂಬದಲ್ಲಿ ಮೂವರು ಅಣ್ಣತಮ್ಮಂದಿರು ಸೈಕಲ್ ಓಟಗಾರರಾದರು: ಆರ್ಥರ್, ಸ್ಯಾಮ್ ಮತ್ತು ಟಾಮ್. ಹಿರಿಯವನಾದ ಆರ್ಥರ್ ಹುಟ್ಟಿದ್ದು 1868ರಲ್ಲಿ, ಇಂಗ್ಲೆಂಡಿನ ಸಾಮರ್‌ಸೆಟ್‌ನಲ್ಲಿ. ಕುಟುಂಬ ಅಬರಾಮನ್‌ಗೆ ಬಂದ ಮೇಲೆ ಅವನೂ ಗಣಿಯಲ್ಲಿ ದುಡಿದ. ಜಿಮ್ಮಿ ಮೈಕೆಲ್ ಇವರಿಗಿಂತ ಕಿರಿಯ. ಅವನ ಎತ್ತರ ಐದು ಅಡಿಗಿಂತ ಚೂರು ಹೆಚ್ಚು, ಅಷ್ಟೇ. ಮುಖ ನೋಡಿದರೆ ಶಾಲೆ ಬಿಟ್ಟು ಓಡಿ ಬಂದ ಹುಡುಗನಂತೆ ಕಾಣುತ್ತಿದ್ದ. ಪತ್ರಿಕೆಗಳು ಮುಂದೆ ಅವನನ್ನು 'ಗಿಡ್ಡ' ಅಂತಲೇ ಕರೆದು ಪ್ರಸಿದ್ಧಿ ಮಾಡಿದವು.

ಇಂಥ ಒಂದು ಪುಟ್ಟ ಊರಿನಿಂದ ಇಷ್ಟು ಜನ ಸೈಕಲ್ ವೀರರು ಹೇಗೆ ಬಂದರು? ಕಾಲ ಹಾಗಿತ್ತು ಅನ್ನಬಹುದು. ಎರಡೂ ಚಕ್ರ ಒಂದೇ ಗಾತ್ರದ, ಚೈನ್ ಹಾಕಿದ ಸೈಕಲ್ 1885ರ ಸುಮಾರಿಗೆ ಮಾರುಕಟ್ಟೆಗೆ ಬಂದಿತ್ತು. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರ್‌ಗೆ ಪೇಟೆಂಟ್ ಪಡೆದ. ಅದಕ್ಕೂ ಮೊದಲು ಮುಂದಿನ ಚಕ್ರ ಆಳೆತ್ತರ ಇರುವ ಸೈಕಲ್ ಏರುವುದು ಹಣವಂತ ತರುಣರ ಶೋಕಿಯಾಗಿತ್ತು. ಹೊಸ ಸೈಕಲ್ ಬಂದ ಕೆಲವೇ ವರ್ಷಗಳಲ್ಲಿ ಅದು ಕೂಲಿಯವರ ಮಕ್ಕಳ ಕಾಲಿಗೂ ಸಿಕ್ಕಿತು. ಗಣಿಯ ಕತ್ತಲೆಯಿಂದ ಹೊರಬರಲು ದಾರಿ ಹುಡುಕುತ್ತಿದ್ದವರಿಗೆ ಅದು ಆಟವೂ ಹೌದು, ಅನ್ನವೂ ಹೌದು.

1894ರಲ್ಲಿ ಲಂಡನ್ನಿನ ಹರ್ನ್ ಹಿಲ್ ಟ್ರ್ಯಾಕ್‌ನಲ್ಲಿ 'ಸರ್ರೆ ಹಂಡ್ರೆಡ್' ಎಂಬ ನೂರು ಮೈಲಿಯ ಓಟ ನಡೆಯಿತು. ಜಿಮ್ಮಿ ತನಗಿಂತ ದೊಡ್ಡವರನ್ನೆಲ್ಲ ಹಿಂದೆ ಹಾಕಿ ಗೆದ್ದ. ಮರುವರ್ಷ, 1895ರಲ್ಲಿ, ಜರ್ಮನಿಯ ಕೊಲೋನ್‌ನಲ್ಲಿ ವಿಶ್ವ ಚಾಂಪಿಯನ್‌ಶಿಪ್. ವೃತ್ತಿಪರ ಸವಾರರಿಗೆ ಪ್ರತ್ಯೇಕ ವಿಶ್ವ ಪ್ರಶಸ್ತಿ ಕೊಟ್ಟದ್ದು ಅದೇ ಮೊದಲ ಸಲ. ವೇಗದ ಚಿಕ್ಕ ಓಟದಲ್ಲಿ ಬೆಲ್ಜಿಯಂನ ರೊಬೆರ್ ಪ್ರೊತಾನ್ ಗೆದ್ದ. ಪೇಸರ್‌ಗಳ ಹಿಂದೆ ತುಳಿಯುವ 100 ಕಿಲೋಮೀಟರ್ ಓಟದಲ್ಲಿ ಗೆದ್ದವನು ಜಿಮ್ಮಿ ಮೈಕೆಲ್.

ಗಾಳಿಯ ಮರೆ ಮತ್ತು ಅದರ ಬೆಲೆ

'ಪೇಸರ್‌ಗಳ ಹಿಂದೆ' ಅಂದರೇನು ಅಂತ ತಿಳಿಯದೆ ಜಿಮ್ಮಿಯ ಬದುಕು ಅರ್ಥವಾಗುವುದಿಲ್ಲ. ಸಮತಟ್ಟಾದ ಟ್ರ್ಯಾಕ್‌ನಲ್ಲಿ ಜೋರಾಗಿ ಹೋಗುವ ಸವಾರನ ಶಕ್ತಿಯ ಬಹುಪಾಲು ಖರ್ಚಾಗುವುದು ಎದುರು ಗಾಳಿಯನ್ನು ಸೀಳುವುದಕ್ಕೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಮುಂದೆ ಇನ್ನೊಬ್ಬರು ಗಾಳಿ ಸೀಳುತ್ತಾ ಹೋದರೆ, ಅವರ ಬೆನ್ನಿಗೆ ಅಂಟಿಕೊಂಡು ತುಳಿಯುವವನಿಗೆ ಅದೇ ಶಕ್ತಿಯಲ್ಲಿ ಎಷ್ಟೋ ಹೆಚ್ಚು ವೇಗ ಸಿಗುತ್ತದೆ. ಬಸ್ಸಿನ ಹಿಂದೆ ಸೈಕಲ್ ಹೊಡೆದ ಯಾರಿಗಾದರೂ ಇದು ಗೊತ್ತು.

1890ರ ದಶಕದ ಟ್ರ್ಯಾಕ್‌ಗಳಲ್ಲಿ ಈ ಗಾಳಿಯ ಮರೆಯೇ ಒಂದು ದೊಡ್ಡ ಉದ್ಯಮವಾಗಿ ಬೆಳೆಯಿತು. ಇಬ್ಬರು ತುಳಿಯುವ ಟ್ಯಾಂಡಮ್, ಮೂವರ ಸೈಕಲ್, ನಾಲ್ವರದು, ಐವರದು ಹೀಗೆ ಉದ್ದುದ್ದ ಸೈಕಲ್‌ಗಳು ಬಂದವು. ಒಂದು ತಂಡ ದಣಿದ ಕೂಡಲೇ ಇನ್ನೊಂದು ತಂಡ ಮುಂದೆ ಬಂದು ಸೇರಿಕೊಳ್ಳಬೇಕು. ನಡುವೆ ಒಂದು ಕ್ಷಣ ಅಂತರ ಬಿದ್ದರೂ ಹಿಂದಿನ ಸವಾರ ಗಾಳಿಗೆ ಸಿಕ್ಕಿ ಸೋಲುತ್ತಾನೆ. ಹಾಗಾಗಿ ದೂರದ ಓಟ ಗೆಲ್ಲಬೇಕಾದರೆ ಗಟ್ಟಿ ಕಾಲುಗಳಷ್ಟೇ ಸಾಲದು, ಚೆನ್ನಾಗಿ ಪಳಗಿದ ಹತ್ತಾರು ಪೇಸರ್‌ಗಳೂ ಬೇಕು. ಇಷ್ಟು ಜನಕ್ಕೆ ಸಂಬಳ ಕೊಡುವವರು ಯಾರು? ಸೈಕಲ್ ಕಂಪನಿಗಳು, ಟೈರ್ ಕಂಪನಿಗಳು, ಟ್ರ್ಯಾಕ್ ಮಾಲೀಕರು. ಗೆದ್ದ ಸೈಕಲ್ಲಿನ ಹೆಸರು ಮರುದಿನ ಪತ್ರಿಕೆಯಲ್ಲಿ ಬರುತ್ತಿತ್ತು, ಅಂಗಡಿಯಲ್ಲಿ ಮಾರಾಟವಾಗುತ್ತಿತ್ತು.

ಜಿಮ್ಮಿ ಈ ಓಟಕ್ಕೆ ಹೇಳಿ ಮಾಡಿಸಿದಂತಿದ್ದ. ಗಿಡ್ಡ ಮೈ, ಐವರ ಸೈಕಲ್ಲಿನ ಹಿಂದೆ ಪೂರ್ತಿ ಮರೆಯಾಗುತ್ತಿತ್ತು. ಬಾಯಲ್ಲಿ ಹಲ್ಲುಕಡ್ಡಿ ಕಚ್ಚಿಕೊಂಡು, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ ಓಡುತ್ತಿದ್ದ. ಆ ಹಲ್ಲುಕಡ್ಡಿ ಅವನ ಗುರುತೇ ಆಗಿಹೋಯಿತು. ಚಿತ್ರಕಾರರೂ ಅದನ್ನು ಬಿಡಲಿಲ್ಲ.

ಉದ್ದ ಕೋಟಿನ ಕೋಚ್

ಲಿಂಟನ್ ಮತ್ತು ಮೈಕೆಲ್ ಇಬ್ಬರ ಹಿಂದೆಯೂ ಇದ್ದ ಹೆಸರು ಜೇಮ್ಸ್ ಎಡ್ವರ್ಡ್ ವಾರ್ಬರ್ಟನ್. ಎಲ್ಲರಿಗೂ ಅವನು 'ಚಾಪಿ'. 1845ರಲ್ಲಿ ಲ್ಯಾಂಕಶೈರ್‌ನ ಹ್ಯಾಸ್ಲಿಂಗ್ಡನ್‌ನಲ್ಲಿ ಹುಟ್ಟಿದವನು. ತಾನೇ ಒಂದು ಕಾಲದಲ್ಲಿ ಹೆಸರಾಂತ ದೂರ ಓಟಗಾರ. ಕಾಲಿಗೆ ವಯಸ್ಸಾದ ಮೇಲೆ ಸೈಕಲ್ ಹುಡುಗರನ್ನು ತಯಾರು ಮಾಡುವ ಕೆಲಸಕ್ಕೆ ಇಳಿದ.

ಚಾಪಿಗೆ ಜನರನ್ನು ಹಿಡಿದಿಡುವ ಕಲೆ ಗೊತ್ತಿತ್ತು. ಉದ್ದನೆಯ ಕೋಟು, ತಲೆಗೆ ದುಂಡು ಟೋಪಿ, ಕೈಯಲ್ಲೊಂದು ಬ್ಯಾಗು. ತನ್ನ ಸವಾರ ಸುಸ್ತಾದಂತೆ ಕಂಡರೆ ಕೋಟಿನ ಒಳಜೇಬಿನಿಂದ ಚಿಕ್ಕ ಬಾಟಲಿ ತೆಗೆಯುತ್ತಿದ್ದ. ಅದನ್ನು ಇಡೀ ಸಭೆಗೆ ಕಾಣುವಂತೆಯೇ ತೆಗೆಯುತ್ತಿದ್ದ ಅನ್ನುವುದು ಗಮನಿಸಬೇಕಾದ ಮಾತು. ಬಾಟಲಿ ಅವನ ನಾಟಕದ ಒಂದು ಭಾಗ. ಜನ ಅದನ್ನು ನೋಡಲೆಂದೇ ಕಾಯುತ್ತಿದ್ದರು. ಗುಟ್ಟಾಗಿ ವಿಷ ಹಾಕುವವನು ಹೀಗೆ ಸಾವಿರಾರು ಜನರ ಮುಂದೆ ಬಾಟಲಿ ಎತ್ತಿ ತೋರಿಸುತ್ತಾನೆಯೇ ಅಂತ ಕೇಳಬಹುದು. ಹಾಗಂತ ಅದರಲ್ಲಿ ಬರೀ ಸಕ್ಕರೆ ನೀರಿತ್ತು ಅಂತಲೂ ಹೇಳಲಾಗದು.

ಆ ಕಾಲದ ಇನ್ನೊಂದು ಸತ್ಯವನ್ನೂ ಇಲ್ಲಿ ಸೇರಿಸಿಕೊಳ್ಳಬೇಕು. 1896ರಲ್ಲಿ ಸೈಕಲ್ ಓಟದಲ್ಲಿ ಉದ್ದೀಪನ ಮದ್ದಿಗೆ ನಿಷೇಧವೇ ಇರಲಿಲ್ಲ. ಕೆಫೀನ್, ಕೊಕೇನ್, ಸ್ಟ್ರಿಕ್ನಿನ್, ಬ್ರಾಂದಿ ಎಲ್ಲವೂ ಔಷಧಿ ಅಂಗಡಿಯಲ್ಲೋ ಪಕ್ಕದ ಅಂಗಡಿಯಲ್ಲೋ ಸಿಗುತ್ತಿದ್ದವು. 1904ರ ಸೇಂಟ್ ಲೂಯಿಸ್ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಗೆದ್ದ ಥಾಮಸ್ ಹಿಕ್ಸ್‌ಗೆ ಅವನ ಸಹಾಯಕರು ದಾರಿಯುದ್ದಕ್ಕೂ ಸ್ಟ್ರಿಕ್ನಿನ್ ಮತ್ತು ಬ್ರಾಂದಿ ಕೊಟ್ಟಿದ್ದರು. ಅದನ್ನು ಯಾರೂ ಮುಚ್ಚಿಡಲಿಲ್ಲ. ಕ್ರೀಡಾಸಂಸ್ಥೆಯೊಂದು ಮದ್ದನ್ನು ನಿಷೇಧಿಸಿದ್ದು 1928ರಲ್ಲಿ, ಅದೂ ಅಥ್ಲೆಟಿಕ್ಸ್‌ನಲ್ಲಿ. ಒಲಿಂಪಿಕ್ಸ್‌ನಲ್ಲಿ ಪರೀಕ್ಷೆ ಶುರುವಾಗಿದ್ದು 1968ರಲ್ಲಿ. ಹಾಗಾಗಿ ಚಾಪಿಯ ಬಾಟಲಿಯಲ್ಲಿ ಸ್ಟ್ರಿಕ್ನಿನ್ ಇದ್ದಿದ್ದರೂ ಆ ದಿನದ ಲೆಕ್ಕದಲ್ಲಿ ಅವನು ಯಾವ ನಿಯಮವನ್ನೂ ಮುರಿದಂತಾಗುತ್ತಿರಲಿಲ್ಲ.

ಹತ್ತಕ್ಕೆ ಒಂದರ ಬಾಜಿ

1896ರ ಜೂನ್‌ನಲ್ಲಿ ಲಂಡನ್ನಿನ ಕ್ಯಾಟ್‌ಫರ್ಡ್ ಟ್ರ್ಯಾಕ್‌ನಲ್ಲಿ ನಡೆದ ಘಟನೆ ಈ ಲೋಕ ಹೇಗಿತ್ತು ಅನ್ನುವುದನ್ನು ಬೇರೆಲ್ಲಕ್ಕಿಂತ ಚೆನ್ನಾಗಿ ತೋರಿಸುತ್ತದೆ. ವಿಲಿಯಂ ಸ್ಪಿಯರ್ಸ್ ಸಿಂಪ್ಸನ್ ಎಂಬಾತ ಹೊಸ ಬಗೆಯ ಚೈನ್ ಕಂಡುಹಿಡಿದಿದ್ದ. ಅದರ ಕೊಂಡಿಗಳು ತ್ರಿಕೋನಾಕಾರ. ಒಳಗಿನ ಅಂಚು ಪೆಡಲ್ ಕಡೆಯ ಹಲ್ಲುಚಕ್ರದ ಮೇಲೆ, ಹೊರಗಿನ ತುದಿ ಹಿಂದಿನ ಹಲ್ಲುಚಕ್ರದ ಮೇಲೆ ಕೂರುವಂಥ ವಿನ್ಯಾಸ. ಸನ್ನೆಕೋಲಿನಂತೆ ಇದು ಹೆಚ್ಚು ಬಲ ಕೊಡುತ್ತದೆ ಅಂತ ಅವನ ವಾದ. ಸನ್ನೆಕೋಲು ಇಲ್ಲದ ಶಕ್ತಿಯನ್ನು ಹುಟ್ಟಿಸುವುದಿಲ್ಲ ಅಂತ ಶಾಲೆಯಲ್ಲಿ ಭೌತಶಾಸ್ತ್ರ ಕಲಿತ ಯಾರಾದರೂ ಹೇಳಬಹುದು. ಪತ್ರಿಕೆಗಳೂ ಗೇಲಿ ಮಾಡಿದವು. ಸಿಂಪ್ಸನ್ ಬಾಜಿ ಕಟ್ಟಿದ: ನನ್ನ ಚೈನ್ ಹಾಕಿದವರು ಸಾಧಾರಣ ಚೈನ್‌ನವರನ್ನು ಸೋಲಿಸುತ್ತಾರೆ, ಒಂದಕ್ಕೆ ಹತ್ತು ಕೊಡುತ್ತೇನೆ.

ಸಿಂಪ್ಸನ್ ಪರವಾಗಿ ಓಡಲು ಬಂದವರು ಜಿಮ್ಮಿ ಮೈಕೆಲ್, ಟಾಮ್ ಲಿಂಟನ್ ಮತ್ತು ಫ್ರಾನ್ಸಿನ ಕಾನ್‌ಸ್ತಾನ್ ಯುರೆ. ಮೂವರಲ್ಲಿ ಇಬ್ಬರು ಅಬರಾಮನ್‌ನವರೇ. ಸಾವಿರಾರು ಜನ ಸೇರಿದರು. ಮೂರು ಓಟಗಳಲ್ಲಿ ಎರಡನ್ನು ಸಿಂಪ್ಸನ್ ಕಡೆಯವರು ಗೆದ್ದರು. ಜಿಮ್ಮಿ ತನ್ನ ಐದು ಮೈಲಿಯ ಓಟವನ್ನು ಗೆದ್ದ. ಆದರೆ ಗೆಲುವಿನ ಗುಟ್ಟು ಚೈನಿನಲ್ಲಿ ಇರಲಿಲ್ಲ. ಸಿಂಪ್ಸನ್ ಪ್ಯಾರಿಸ್‌ನಿಂದ ಅತ್ಯುತ್ತಮ ಪೇಸರ್ ತಂಡಗಳನ್ನು ಕರೆಸಿದ್ದ. ಎದುರಾಳಿಗಳಿಗೆ ಅಂಥ ಗಾಳಿ ಮರೆ ಸಿಗಲಿಲ್ಲ. ಅಂದರೆ ಆ ದಿನ ಸಾಬೀತಾಗಿದ್ದು ದುಡ್ಡಿನ ಬಲ ಮಾತ್ರ. ಆ ಚೈನ್ ಹೆಚ್ಚು ಕಾಲ ಬಾಳಲೂ ಇಲ್ಲ. ಇವತ್ತು ನಿಮ್ಮ ಸೈಕಲ್ಲಿನಲ್ಲಿ ಇರುವುದು ಸಿಂಪ್ಸನ್ ಗೇಲಿ ಮಾಡಿದ ಆ ಸಾಧಾರಣ ಚೈನಿನ ವಂಶದ್ದೇ.

ಇದೇ ಪ್ರಚಾರಕ್ಕಾಗಿ ಪ್ಯಾರಿಸ್‌ನ ಹೆಸರಾಂತ ಚಿತ್ರಕಾರ ತುಲೂಸ್-ಲೊಟ್ರೆಕ್ ಜಿಮ್ಮಿಯ ಪೋಸ್ಟರ್ ಬರೆದ. ಹಲ್ಲುಕಡ್ಡಿ ಕಚ್ಚಿಕೊಂಡು ತುಳಿಯುತ್ತಿರುವ ಜಿಮ್ಮಿ, ಹಿನ್ನೆಲೆಯಲ್ಲಿ ಉದ್ದ ಕೋಟಿನ ಚಾಪಿ ತನ್ನ ಬ್ಯಾಗಿನ ಕಡೆ ಬಗ್ಗಿದ್ದಾನೆ. ಆ ಚಿತ್ರವನ್ನು ಕಂಪನಿ ಕಡೆಯವರು ಒಪ್ಪಲಿಲ್ಲ. ಕಾರಣ, ಸೈಕಲ್ಲಿನ ಭಾಗಗಳನ್ನು ಕರಾರುವಾಕ್ಕಾಗಿ ಬರೆದಿಲ್ಲ ಅಂತ! ಲೊಟ್ರೆಕ್ ಇನ್ನೊಂದು ಪೋಸ್ಟರ್ ಬರೆದುಕೊಟ್ಟ, ಅದರಲ್ಲಿ ಜಿಮ್ಮಿಯ ಬದಲು ಯುರೆ ಇದ್ದ. ಮಾರುವವರಿಗೆ ಚೈನ್ ಸರಿಯಾಗಿ ಕಾಣಬೇಕಿತ್ತು. ಅದನ್ನು ತುಳಿಯುವ ಹುಡುಗ ಯಾರಾದರೂ ನಡೆಯುತ್ತಿತ್ತು.

ಒಬ್ಬನ ಸಾವು, ಇನ್ನೊಬ್ಬನ ಜಗಳ

ಈಗ ಆರ್ಥರ್ ಲಿಂಟನ್ ಕಡೆಗೆ ಬರೋಣ. ಕ್ಯಾಟ್‌ಫರ್ಡ್ ಬಾಜಿಗೆ ಎರಡು ವಾರ ಮೊದಲು, 1896ರ ಮೇ ಕೊನೆಯಲ್ಲಿ, ಅವನು ಬೋರ್ಡೊ-ಪ್ಯಾರಿಸ್ ಓಡಿದ. ಸುಮಾರು 590 ಕಿಲೋಮೀಟರ್. ರಾತ್ರಿ ಹಗಲು ತುಳಿದು 21 ಗಂಟೆ ಚಿಲ್ಲರೆಯಲ್ಲಿ ಪ್ಯಾರಿಸ್ ಸೇರಿದ. ಮೊದಲು ಬಂದವನು ಅವನೇ. ಆದರೆ ಪ್ಯಾರಿಸ್ ಒಳಗೆ ಬರುವಾಗ ನಿಗದಿಯಾದ ದಾರಿ ತಪ್ಪಿದ್ದ. ಹಿಂದೆ ಬಂದ ಗಸ್ತೊನ್ ರಿವಿಯೆರ್ ಕಡೆಯವರು ತಕರಾರು ಎತ್ತಿದರು. ಕೊನೆಗೆ ಇಬ್ಬರನ್ನೂ ಜಂಟಿ ವಿಜೇತರು ಅಂತ ಘೋಷಿಸಿದರು.

ಜುಲೈ 23ರಂದು ಲಿಂಟನ್ ಊರಿನಲ್ಲಿ ತೀರಿಕೊಂಡ. ವಯಸ್ಸು ಮೂವತ್ತೂ ಆಗಿರಲಿಲ್ಲ. ಕಾರಣ ಟೈಫಾಯ್ಡ್ ಅಂತ ದಾಖಲಾಯಿತು. ಕೊಳಕು ನೀರು, ಆಹಾರದಿಂದ ಹರಡುವ ಈ ಜ್ವರಕ್ಕೆ ಆಗ ಔಷಧಿಯೇ ಇರಲಿಲ್ಲ. ಟೈಫಾಯ್ಡ್‌ಗೆ ಕೆಲಸ ಮಾಡುವ ಆ್ಯಂಟಿಬಯಾಟಿಕ್ ಬಂದದ್ದು 1940ರ ದಶಕದ ಕೊನೆಗೆ. ವಿಕ್ಟೋರಿಯಾ ರಾಣಿಯ ಗಂಡ ಆಲ್ಬರ್ಟ್ ಸತ್ತಾಗಲೂ ವೈದ್ಯರು ಬರೆದದ್ದು ಇದೇ ಜ್ವರದ ಹೆಸರನ್ನು. ಅರಮನೆಯನ್ನೂ ಬಿಡದ ಜ್ವರ ಗಣಿ ಊರಿನ ಹುಡುಗನನ್ನು ಬಿಡುತ್ತದೆಯೇ? ಎರಡು ತಿಂಗಳ ಹಿಂದೆ ಕುಡಿದ ಉದ್ದೀಪನ ಮದ್ದು ಈಗ ಕೊಲ್ಲುವುದಿಲ್ಲ. ಅತಿಯಾದ ದಣಿವು ಮೈಯ ತಡೆಯುವ ಶಕ್ತಿಯನ್ನು ಕುಗ್ಗಿಸಿರಬಹುದು ಅನ್ನುವುದಾದರೆ, ಅದು ಒಪ್ಪುವ ಮಾತು. ಆದರೆ ಅದು ಬಾಟಲಿಯ ಮೇಲಿನ ಆರೋಪವಲ್ಲ. ಒಬ್ಬ ಮನುಷ್ಯನನ್ನು 590 ಕಿಲೋಮೀಟರ್ ಒಂದೇ ಉಸಿರಿಗೆ ಓಡಿಸುವ ಪದ್ಧತಿಯ ಮೇಲಿನ ಆರೋಪ.

ಅದೇ ವರ್ಷ ಜಿಮ್ಮಿಗೂ ಚಾಪಿಗೂ ಜಗಳವಾಯಿತು. ಪ್ರಚಲಿತ ಕತೆ ಹೀಗಿದೆ: ಒಂದು ಓಟದ ನಡುವೆ ಜಿಮ್ಮಿ ಚಾಪಿ ಕೊಟ್ಟ ಬಾಟಲಿಯಿಂದ ಕುಡಿದ, ಸೈಕಲ್ಲಿನಿಂದ ಬಿದ್ದ, ಎದ್ದು ಮಂಕು ಬಡಿದವನಂತೆ ಉಲ್ಟಾ ದಿಕ್ಕಿನಲ್ಲಿ ತುಳಿಯತೊಡಗಿದ. ಚಾಪಿ ನನಗೆ ವಿಷ ಹಾಕಿದ ಅಂತ ಜಿಮ್ಮಿ ದೂರಿದ. ಚಾಪಿ ಮಾನನಷ್ಟದ ಕೇಸು ಹಾಕಿದ. ಆಮೇಲೆ ಬ್ರಿಟನ್ನಿನ ಟ್ರ್ಯಾಕ್‌ಗಳಿಂದ ಚಾಪಿಯನ್ನು ದೂರ ಇಡಲಾಯಿತು ಅಂತ ಬಹುತೇಕ ಬರಹಗಳು ಹೇಳುತ್ತವೆ. ಆದರೆ ಮದ್ದು ಹಾಕಿದ್ದು ಸಾಬೀತಾಗಿ ಅವನಿಗೆ ಶಿಕ್ಷೆಯಾಯಿತು ಅನ್ನುವುದಕ್ಕೆ ಆಧಾರ ಇಲ್ಲ.

ಇಲ್ಲಿ ದುಡ್ಡಿನ ಲೆಕ್ಕವನ್ನೂ ನೋಡಬೇಕು. ಆಗಲೇ ಜಿಮ್ಮಿಯ ಕಣ್ಣು ಅಮೆರಿಕದ ಕಡೆಗಿತ್ತು. ಅಲ್ಲಿ ಬಹುಮಾನ ದೊಡ್ಡದು. ಕೋಚ್‌ನ ಜೊತೆ ಉಳಿದರೆ ಗಳಿಕೆಯಲ್ಲಿ ಪಾಲು ಕೊಡಬೇಕು. ಬಿಟ್ಟು ಹೋಗಲು ನೆಪ ಬೇಕು. ಕೋಚ್‌ಗೂ ಅಷ್ಟೇ, ಕೈತಪ್ಪುತ್ತಿರುವ ಹುಡುಗನ ಮೇಲೆ ಸಿಟ್ಟಿತ್ತು. ಹೀಗಿರುವಾಗ ಆ ಬಾಟಲಿಯಲ್ಲಿ ವಿಷ ಇತ್ತು ಅಂತಲೂ, ಜಿಮ್ಮಿ ಸುಳ್ಳು ಹೇಳಿದ ಅಂತಲೂ ತೀರ್ಪು ಕೊಡುವುದು ಅವಸರವಾಗುತ್ತದೆ. ಚಾಪಿ 1897ರ ಡಿಸೆಂಬರ್‌ನಲ್ಲಿ ಸತ್ತ. ಸತ್ತವನು ಉತ್ತರ ಕೊಡಲಾರ. ಅವನ ಶಿಷ್ಯನೊಬ್ಬ ಅದಾಗಲೇ ತೀರಿಕೊಂಡಿದ್ದ, ಇನ್ನೊಬ್ಬ ಮುಂದೆ ಹರೆಯದಲ್ಲೇ ತೀರಿಕೊಳ್ಳಲಿದ್ದ. ಕತೆ ಕಟ್ಟುವವರಿಗೆ ಇದಕ್ಕಿಂತ ಏನು ಬೇಕು? ಒಬ್ಬ ಖಳನಾಯಕ, ಒಂದು ಬಾಟಲಿ, ಎಳೆ ವಯಸ್ಸಿನ ಹೆಣಗಳು.

ಅಮೆರಿಕ, ಮೇಜರ್ ಟೇಲರ್, ಕುದುರೆಗಳು

1896ರಲ್ಲಿ ಅಮೆರಿಕಕ್ಕೆ ಹೋದ ಜಿಮ್ಮಿ ಅಲ್ಲಿ ದೊಡ್ಡ ತಾರೆಯಾದ. ಸೈಕಲ್ ಓಟ ಅಲ್ಲಿ ಬೇಸ್‌ಬಾಲ್‌ಗೆ ಸರಿಸಾಟಿಯಾಗಿ ಜನ ಸೇರಿಸುತ್ತಿದ್ದ ಕಾಲ. ಅವನ ಅಲ್ಲಿನ ಓಟಗಳಲ್ಲಿ ಒಂದನ್ನು ಇವತ್ತಿಗೂ ನೆನೆಯಬೇಕು. 1898ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್‌ನ ಮ್ಯಾನ್‌ಹಾಟನ್ ಬೀಚ್ ಟ್ರ್ಯಾಕ್‌ನಲ್ಲಿ ಅವನ ಎದುರು ನಿಂತವನು ಮೇಜರ್ ಟೇಲರ್, ಆಗ ಇನ್ನೂ ಹತ್ತೊಂಬತ್ತರ ಕಪ್ಪುವರ್ಣೀಯ ಅಮೆರಿಕನ್. ಬಿಳಿಯ ಸವಾರರಲ್ಲಿ ಅನೇಕರು ಟೇಲರ್ ಜೊತೆ ಓಡಲೇ ಒಪ್ಪುತ್ತಿರಲಿಲ್ಲ, ಓಡಿದರೆ ಅಡ್ಡ ಹಾಕಿ ಬೀಳಿಸುತ್ತಿದ್ದರು. ಜಿಮ್ಮಿ ಸವಾಲು ಒಪ್ಪಿಕೊಂಡ. ಪೇಸರ್‌ಗಳ ಹಿಂದೆ ಒಂದೊಂದು ಮೈಲಿಯ ಮೂರು ಓಟ. ಮೊದಲನೆಯದನ್ನು ಜಿಮ್ಮಿ ಗೆದ್ದ, ಮುಂದಿನ ಎರಡನ್ನೂ ಟೇಲರ್ ಗೆದ್ದ. ಮರುವರ್ಷ ಟೇಲರ್ ಮಾಂಟ್ರಿಯಲ್‌ನಲ್ಲಿ ವಿಶ್ವ ಚಾಂಪಿಯನ್ ಆದ. ಒಬ್ಬ ಕಲ್ಲಿದ್ದಲ ಕಣಿವೆಯಿಂದ ಬಂದವನು, ಇನ್ನೊಬ್ಬ ಗುಲಾಮಗಿರಿ ಅಳಿದು ಹೆಚ್ಚು ವರ್ಷ ಆಗದ ದೇಶದ ಕಪ್ಪು ಹುಡುಗ. ಇಬ್ಬರ ಓಟದಿಂದಲೂ ಹಣ ಎಣಿಸಿದ್ದು ಟಿಕೆಟ್ ಮಾರಿದವರು.

ಆಮೇಲೆ ಜಿಮ್ಮಿ ಕುದುರೆ ರೇಸಿನ ಹುಚ್ಚಿಗೆ ಬಿದ್ದ. ಚಿಕ್ಕ ಮೈ ಅಲ್ಲವೇ, ಜಾಕಿ ಆಗಬಹುದು ಅನ್ನಿಸಿರಬೇಕು. ಕುದುರೆ ಕೊಂಡ, ಹಣ ಕಳೆದುಕೊಂಡ. ಮತ್ತೆ ಸೈಕಲ್ಲಿಗೇ ಮರಳಬೇಕಾಯಿತು.

ಆದರೆ ಅವನು ಬಿಟ್ಟುಹೋದ ಆಟ ಅವನು ಮರಳುವಷ್ಟರಲ್ಲಿ ಬದಲಾಗಿತ್ತು. ಐವರು ತುಳಿಯುವ ಸೈಕಲ್ಲಿನ ಜಾಗಕ್ಕೆ ಮೋಟಾರ್ ಬಂದಿತ್ತು. ಮೋಟಾರಿಗೆ ದಣಿವಿಲ್ಲ. ಹಿಂದಿನ ಸವಾರನ ವೇಗ ಹೆಚ್ಚುತ್ತಾ ಹೋಯಿತು. ಟ್ರ್ಯಾಕ್‌ಗಳು ಮಾತ್ರ ಆ ವೇಗಕ್ಕೆ ಕಟ್ಟಿದವಲ್ಲ, ಟೈರ್‌ಗಳೂ ಅಲ್ಲ. 1903ರ ಮೇ 30ರಂದು ಬಾಸ್ಟನ್ ಬಳಿಯ ಚಾರ್ಲ್ಸ್ ರಿವರ್ ಟ್ರ್ಯಾಕ್‌ನಲ್ಲಿ ಅಮೆರಿಕದ ಹ್ಯಾರಿ ಎಲ್ಕ್ಸ್ ಬಿದ್ದು ಸತ್ತ. 1909ರಲ್ಲಿ ಬರ್ಲಿನ್‌ನಲ್ಲಿ ಪೇಸಿಂಗ್ ಮೋಟಾರೊಂದು ಪ್ರೇಕ್ಷಕರ ಮೇಲೆ ನುಗ್ಗಿ ಒಂಬತ್ತು ಜನ ಪ್ರಾಣ ಬಿಟ್ಟರು. ಜಿಮ್ಮಿಯೂ ಬರ್ಲಿನ್‌ನಲ್ಲಿ ಬಿದ್ದು ತಲೆಗೆ ಜೋರು ಪೆಟ್ಟು ಮಾಡಿಕೊಂಡ. ಆ ಮೇಲೆ ಅವನು ಮೊದಲಿನವನಾಗಲಿಲ್ಲ. ಕುಡಿತ ಹೆಚ್ಚಿತು.

1904ರ ನವೆಂಬರ್. ಇನ್ನೊಮ್ಮೆ ಅಮೆರಿಕದಲ್ಲಿ ಓಡಿ ಸಂಪಾದಿಸುವ ಆಸೆಯಿಂದ 'ಲಾ ಸಾವೊಯಿ' ಎಂಬ ಫ್ರೆಂಚ್ ಹಡಗು ಹತ್ತಿದ. ನ್ಯೂಯಾರ್ಕ್ ಮುಟ್ಟಲಿಲ್ಲ. 21ನೇ ತಾರೀಕು ನಡುಗಡಲಿನಲ್ಲೇ ಸತ್ತ. ಕುಡಿತದ ದಾಸರಿಗೆ ಬರುವ ನಡುಕ, ಭ್ರಮೆಯ ಕಾಯಿಲೆಯನ್ನು ಸಾವಿಗೆ ಕಾರಣವಾಗಿ ಹೇಳಲಾಯಿತು. ಮೂವತ್ತು ತುಂಬಿರಲಿಲ್ಲ.

ಬಾಟಲಿ ಯಾಕೆ ಇಷ್ಟು ಅನುಕೂಲ?

ಇಷ್ಟೆಲ್ಲ ಓದಿದ ಮೇಲೆ ಒಂದು ಪ್ರಶ್ನೆ ಏಳುತ್ತದೆ. ಆಧಾರವಿಲ್ಲದ ಕತೆ ಯಾಕೆ ಇಷ್ಟು ಗಟ್ಟಿಯಾಗಿ ಉಳಿಯಿತು?

ಒಂದು ಕಾರಣ ಸರಳ. 1960ರ ದಶಕದಲ್ಲಿ ಉದ್ದೀಪನ ಮದ್ದಿನ ವಿರುದ್ಧ ನಿಯಮ ರೂಪಿಸುವಾಗ ಒಂದು ಹಳೆಯ ಉದಾಹರಣೆ ಬೇಕಿತ್ತು. 1967ರಲ್ಲಿ ಬ್ರಿಟನ್ನಿನ ಟಾಮ್ ಸಿಂಪ್ಸನ್ ಟೂರ್ ದ ಫ್ರಾನ್ಸ್‌ನಲ್ಲಿ ಮೊನ್ ವಾಂತು ಬೆಟ್ಟ ಏರುವಾಗ ಕುಸಿದು ಸತ್ತ. ಅವನ ಮೈಯಲ್ಲಿ ಆ್ಯಂಫಿಟಮಿನ್ ಸಿಕ್ಕಿತು. ಇದು ನಿಜವಾದ, ದಾಖಲೆ ಇರುವ ಪ್ರಕರಣ. ಅದರ ಹಿಂದೆ ಒಂದು ಪರಂಪರೆ ತೋರಿಸಲು ಲಿಂಟನ್ ಹೆಸರು ಸಿಕ್ಕಿತು. ಒಬ್ಬರು ಬರೆದಿದ್ದನ್ನು ಇನ್ನೊಬ್ಬರು ನಕಲು ಮಾಡಿದರು. 1896 ಎಲ್ಲೋ 1886 ಆಯಿತು. ರೇಸ್ ಯಾವಾಗ ಶುರುವಾಯಿತು ಅಂತ ನೋಡುವ ತಾಳ್ಮೆ ಯಾರಿಗೂ ಇರಲಿಲ್ಲ.

ಇನ್ನೊಂದು ಕಾರಣ ಅಷ್ಟು ಮುಗ್ಧವಲ್ಲ. ಬಾಟಲಿಯ ಕತೆಯಲ್ಲಿ ತಪ್ಪಿತಸ್ಥ ಒಬ್ಬನೇ, ಕೆಟ್ಟ ಕೋಚ್. ಅವನನ್ನು ಹೊರಗಟ್ಟಿದರೆ ಆಟ ಶುದ್ಧ. ಆಗ ಚೈನ್ ಮಾರಿದವನನ್ನು, ಟ್ರ್ಯಾಕ್ ಕಟ್ಟಿದವನನ್ನು, ತಾಳಲಾರದ ವೇಗಕ್ಕೆ ಮೋಟಾರ್ ಬಿಟ್ಟವನನ್ನು, ದಿನವಿಡೀ ಓಡಿಸಿ ಟಿಕೆಟ್ ಹರಿದವನನ್ನು ಯಾರೂ ಕೇಳಬೇಕಿಲ್ಲ.

ಆ ಕಾಲದವರಿಗೆ ಇದು ತಿಳಿದಿರಲಿಲ್ಲ ಅಂತಲ್ಲ. ನ್ಯೂಯಾರ್ಕ್‌ನಲ್ಲಿ ಆರು ದಿನ ಹಗಲು ರಾತ್ರಿ ಒಬ್ಬನೇ ತುಳಿಯುವ ರೇಸ್‌ಗಳು ನಡೆಯುತ್ತಿದ್ದವು. ನಿದ್ದೆಯಿಲ್ಲದೆ ಸವಾರರು ಭ್ರಮೆಗೆ ಒಳಗಾಗುವುದನ್ನು ನೋಡಿ ಜನ ರೋಸಿಹೋದರು. 1890ರ ದಶಕದ ಕೊನೆಗೆ ಆ ರಾಜ್ಯದಲ್ಲಿ ಕಾನೂನೇ ಬಂತು: ಒಬ್ಬ ಸವಾರ ದಿನಕ್ಕೆ 12 ಗಂಟೆಗಿಂತ ಹೆಚ್ಚು ತುಳಿಯುವಂತಿಲ್ಲ. ಸಂಘಟಕರು ಇಬ್ಬಿಬ್ಬರ ತಂಡ ಮಾಡಿ ಸರದಿಯಲ್ಲಿ ಓಡಿಸತೊಡಗಿದರು. ಇವತ್ತು ಒಲಿಂಪಿಕ್ಸ್‌ನಲ್ಲೂ ಇರುವ 'ಮ್ಯಾಡಿಸನ್' ಎಂಬ ಜೋಡಿ ಓಟ ಹುಟ್ಟಿದ್ದು ಹೀಗೆ, ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಹೆಸರಿನಿಂದ. ಗಮನಿಸಿ, ಸವಾರರ ಮೈ ಉಳಿಸಲು ಬಂದ ಆ ಕಾನೂನು ಬಾಟಲಿಯನ್ನು ಮುಟ್ಟಲೇ ಇಲ್ಲ. ಅದು ದುಡಿಮೆಯ ಗಂಟೆಗೆ ಮಿತಿ ಹಾಕಿತು. ಕಾರ್ಖಾನೆ ಕಾಯ್ದೆಯ ಹಾಗೆ.

ಇವತ್ತಿನ ನಿಯಮದ ಪ್ರಕಾರ ಕ್ರೀಡಾಪಟುವಿನ ಮೈಯಲ್ಲಿ ನಿಷೇಧಿತ ಮದ್ದು ಸಿಕ್ಕರೆ, ಅದು ಹೇಗೆ ಬಂತು ಅನ್ನುವುದಕ್ಕೂ ಮೊದಲು ಹೊಣೆ ಅವನದೇ ಅಥವಾ ಅವಳದೇ. ಕೊಟ್ಟ ಕೋಚ್‌ಗೆ, ವೈದ್ಯನಿಗೆ ಶಿಕ್ಷೆ ಕೊಡಲು ನಿಯಮ ಇದೆ, ಆದರೆ ಅದಕ್ಕೆ ಬೇರೆ ಸಾಕ್ಷಿ ಬೇಕು. ಮೂತ್ರದ ಶೀಶೆಯಲ್ಲಿ ಸಿಗುವುದು ಆಟಗಾರರ ಹೆಸರು ಮಾತ್ರ. ಪರೀಕ್ಷೆ ಬೇಡ ಅಂತ ಯಾರೂ ಹೇಳುತ್ತಿಲ್ಲ. ಅದು ಬೇಕು. ಆದರೆ ಜಿಮ್ಮಿಯ ಕಾಲದಿಂದ ಇಲ್ಲಿವರೆಗೆ ನಾವು ಕೇಳುವ ಮೊದಲ ಪ್ರಶ್ನೆ 'ಬಾಟಲಿಯಲ್ಲಿ ಏನಿತ್ತು' ಅನ್ನುವುದೇ ಆಗಿದೆ. ಅದನ್ನು ಕುಡಿದಾದರೂ ಓಡಲೇಬೇಕು ಅನ್ನಿಸುವ ಸ್ಥಿತಿಯನ್ನು ತಂದವರು ಯಾರು, ಅದರಿಂದ ಗಳಿಸಿದವರು ಯಾರು ಅನ್ನುವುದು ಎರಡನೆಯದಾಗಿ ಕೂಡ ಬರುವುದಿಲ್ಲ.

ಜಿಮ್ಮಿ ಮೈಕೆಲ್‌ನನ್ನು ಕೊಂದ ಬಾಟಲಿ ಯಾವುದು ಅಂತ ಕೇಳಿದರೆ, ದಾಖಲೆ ತೋರಿಸುವುದು ಚಾಪಿಯ ಕೋಟಿನ ಜೇಬನ್ನಲ್ಲ. ಯಾವ ಊರಿನಲ್ಲೂ ಸಿಗುವ ಮಾಮೂಲು ಮದ್ಯದ ಬಾಟಲಿಯನ್ನು. ಅದೂ ತಲೆ ಒಡೆದು, ಹಣ ಕರಗಿ, ಮತ್ತೆ ಓಡದೆ ಬೇರೆ ದಾರಿ ಇಲ್ಲ ಅನ್ನುವಂತಾದ ಮೇಲೆ. ಅವನ ಹೆಸರನ್ನು ಉದ್ದೀಪನ ಮದ್ದಿನ ಪಟ್ಟಿಯಿಂದ ತೆಗೆದು, 1895ರಲ್ಲಿ ಕೊಲೋನ್‌ನ ಆ 100 ಕಿಲೋಮೀಟರ್ ಓಟದ ವಿಜೇತನಾಗಿ ಮೊದಲು ನೆನೆಯುವುದು ಕನಿಷ್ಠ ನ್ಯಾಯ. ಹಾಗೆಯೇ, 1886ರ ಆ ವಾಕ್ಯ ಇನ್ನೊಮ್ಮೆ ಎಲ್ಲಾದರೂ ಕಣ್ಣಿಗೆ ಬಿದ್ದರೆ, ಇಲ್ಲದ ರೇಸ್‌ನಲ್ಲಿ ಯಾರೂ ಸಾಯುವುದಿಲ್ಲ ಅನ್ನುವುದು ನೆನಪಿರಲಿ.